ಸಾಲುತ್ತೆ ಕಣ್ರೀ, ಉಸಿರು ಸಾಲುತ್ತೆ

"ಈ ವಯಸ್ಸಲ್ಲಿ ಉಸಿರು ಸಾಲುತ್ತಾ?"

ಮೂರು ವರ್ಷದಿಂದ ಇದೊಂದೇ ಪ್ರಶ್ನೆ. ನನಗೀಗ 63. ಬ್ಯಾಂಕ್ ಕೆಲಸದಿಂದ ರಿಟೈರ್ ಆದ ವರ್ಷ ಅಟ್ಟದ ಮೇಲಿದ್ದ ಟೆನರ್ ಸ್ಯಾಕ್ಸೋಫೋನ್ ಇಳಿಸಿ ಮತ್ತೆ ಊದೋಕೆ ಶುರು ಮಾಡಿದೆ. ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ವಾಟ್ಸಾಪ್ ಮಾಡುತ್ತೇನೆ.

ಸಾಲುತ್ತೆ. ಮೊದಲು ಕೈಕೊಡೋದು ಶ್ವಾಸಕೋಶ ಅಲ್ಲ, ತುಟಿ. ಕೆಳತುಟಿಯನ್ನು ಹಲ್ಲಿನ ಮೇಲೆ ಮಡಚಿ, ಅದರ ಮೇಲೆ ರೀಡ್, ಅಂದರೆ ಊದಿದಾಗ ಅದುರಿ ದನಿ ಕೊಡುವ ತೆಳು ಪಟ್ಟಿ, ಕೂರಿಸಿ, ಬಾಯಿಯ ಎರಡೂ ಮೂಲೆ ಬಿಗಿಹಿಡಿದು ಊದಬೇಕು. ಮೂವತ್ತೊಂದು ವರ್ಷ ಬಿಟ್ಟ ಬಾಯಿಗೆ ಆ ಬಿಗಿ ಹತ್ತು ನಿಮಿಷಕ್ಕೇ ಸಡಿಲ. ಮೂಲೆಯಿಂದ ಗಾಳಿ ಪುಸ್ ಅಂತ ಹೋಗುತ್ತೆ, ಜೊತೆಗೆ ಜೊಲ್ಲು. ನೋಡುವವರಿಗೆ ಪಾಪ ಮುದುಕನಿಗೆ ಉಸಿರು ಸಾಲದು ಅನ್ನಿಸುತ್ತೆ. ಸಾಲದೇ ಇರೋದಲ್ಲ ಸ್ವಾಮಿ, ಸೋರಿ ಹೋಗೋದು. ಮೊದಲ ವಾರ ಒಂದೇ ಸ್ವರವನ್ನು ಎಂಟು ಸೆಕೆಂಡ್ ಹಿಡಿಯೋದೇ ಹೆಚ್ಚಾಗಿತ್ತು. ಈಗ ಇಪ್ಪತ್ತು. ಶ್ವಾಸಕೋಶ ಅದೇ ಹಳೇದು.

ಇನ್ನು ಬಲಗೈ ಹೆಬ್ಬೆರಳು. ಟೆನರ್ ಮೂರು ಕೆಜಿಗಿಂತ ಜಾಸ್ತಿ ತೂಗುತ್ತೆ. ಕತ್ತಿನ ಪಟ್ಟಿ ಎಷ್ಟು ಹೊತ್ತರೂ ಹೆಬ್ಬೆರಳಿಗೆ ತನ್ನ ಪಾಲು ಸಿಕ್ಕೇ ಸಿಗುತ್ತೆ. ಎಡಗೈ ಕಿರುಬೆರಳಿನ ಕಥೆ ಬೇಡ. ಇವುಗಳ ಬಗ್ಗೆ ಯಾರೂ ವಿಚಾರಿಸಲ್ಲ.

ಉಸಿರು ಮುಗಿದ ಕೂಡಲೇ ಬರುವ ಎರಡನೇ ಪ್ರಶ್ನೆ: "ಕದ್ರಿ ಗೋಪಾಲನಾಥ್ ತರ ನುಡಿಸ್ತೀರಾ?" ಇಲ್ಲ. ಅವರದ್ದು ಆಲ್ಟೋ, ನನ್ನದು ಅದಕ್ಕಿಂತ ದೊಡ್ಡ ದೇಹದ, ತಗ್ಗಿನ ದನಿಯ ಟೆನರ್. ಅವರು ನಾಗಸ್ವರದ ಮನೆಯವರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಈ ವಾದ್ಯ ನೋಡಿ ಮನಸೋತು, ಅದರ ಕೀಗಳನ್ನೇ ಬದಲಿಸಿಕೊಂಡು ಗಮಕ ಹೊರಡಿಸಿದವರು. ನಾನು ಅದೇ ಮೈಸೂರಿನಲ್ಲಿ ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾ ಜೊತೆ ಸಿನಿಮಾ ಹಾಡು ಊದಿದವನು. ಹೋಲಿಸಿ ಇಬ್ಬರಿಗೂ ಯಾಕೆ ಅವಮಾನ?

ಎಲ್ಲಿ ಪ್ರಾಕ್ಟೀಸ್ ಮಾಡ್ತೀರಿ ಅಂತಾನೂ ಕೇಳ್ತಾರೆ. ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಸಾನಿ ರೋಲಿನ್ಸ್ ಅಕ್ಕಪಕ್ಕದವರಿಗೆ ತೊಂದರೆ ಬೇಡ ಅಂತ 1959ರಿಂದ 1961ರವರೆಗೆ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆ ಮೇಲೆ ನಿಂತು ಟೆನರ್ ಊದಿದರು. ಶುರು ಮಾಡಿದಾಗ ಅವರಿಗೆ ಮೂವತ್ತೂ ಆಗಿರಲಿಲ್ಲ. ನಾನು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಿಂತರೆ ವಾಕಿಂಗ್ ಬರುವವರೆಲ್ಲ ಒಬ್ಬೊಬ್ಬರಾಗಿ ನಿಂತು ಅದೇ ಉಸಿರಿನ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಮಲಗುವ ಕೋಣೆಯ ಬೀರು ಬಾಗಿಲು ತೆಗೆದು, ಹೆಂಡತಿಯ ಸೀರೆಗಳಿಗೆ ಎದುರಾಗಿ ಊದುತ್ತೇನೆ. ಅರ್ಧ ಶಬ್ದ ಸೀರೆಗಳೇ ನುಂಗುತ್ತವೆ.

ಹೋದ ವರ್ಷ ಪುತ್ತೂರು ಕಡೆ ಒಂದು ಮದುವೆಗೆ ಹೋಗಿದ್ದೆ. ಅಲ್ಲಿ ಮದುವೆಗೆ ಸ್ಯಾಕ್ಸೋಫೋನ್ ವಾದ್ಯ ಮಾಮೂಲು. ಊಟದ ಪಂಕ್ತಿಯಲ್ಲಿ ನಮ್ಮ ಷಡ್ಡಕರು, ಎಲೆಗೆ ಪಾಯಸ ಬೀಳುತ್ತಿರುವಾಗಲೇ, ಆ ಕೊನೆಯವರಿಗೂ ಕೇಳುವಂತೆ "ಅಲ್ರೀ, ಬಿಪಿ ಚೆಕ್ ಮಾಡಿಸಿಕೊಂಡೇ ಊದ್ತೀರಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಪಾಯಸ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ, ಅಷ್ಟೇ ನನ್ನ ಪ್ರತಿಭಟನೆ. ಕೈ ತೊಳೆದ ಮೇಲೂ ಬಿಡಲಿಲ್ಲ. ವಾದ್ಯದವರ ಹತ್ತಿರ ಎಳೆದುಕೊಂಡು ಹೋಗಿ, "ಇವರೂ ಊದ್ತಾರೆ ಕಣಪ್ಪಾ, ಈ ವಯಸ್ಸಲ್ಲಿ!" ಅಂತ ಪರಿಚಯ ಮಾಡಿಕೊಟ್ಟರು.

ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ಆಲ್ಟೋದ ಕೊಳವೆಯೊಳಗೆ ಬಟ್ಟೆ ಎಳೆದು ಒರೆಸುತ್ತಿದ್ದ. ತಲೆ ಎತ್ತಿ, "ರೀಡ್ ಯಾವ ನಂಬರ್ ಹಾಕ್ತೀರಿ ಸರ್?" ಅಂದ.

ಎಂಥ ಪ್ರಶ್ನೆ! ನಂಬರ್ ಏರಿದಷ್ಟೂ ರೀಡ್ ಗಟ್ಟಿ, ತುಟಿಗೆ ಕೆಲಸ ಜಾಸ್ತಿ. ಊದುವವನ ಬಾಯಿ ಎಲ್ಲಿಗೆ ಬಂದು ನಿಂತಿದೆ ಅಂತ ಅದೊಂದರಲ್ಲೇ ಗೊತ್ತಾಗುತ್ತೆ. ನಾನು "ಎರಡೂವರೆ" ಅಂದೆ. ಸುಳ್ಳು. ಎರಡು. 1985ರಲ್ಲಿ ಮೂರು ಹಾಕುತ್ತಿದ್ದೆ, ಅದರ ಸರಾಸರಿ ಹೇಳಿದೆ ಅಂದುಕೊಳ್ಳಿ. ಹುಡುಗ "ಒಳ್ಳೇದೇ ಸರ್" ಅಂದು ಮತ್ತೆ ಒರೆಸತೊಡಗಿದ. ಉಸಿರಿನ ಸುದ್ದಿಯೇ ಎತ್ತಲಿಲ್ಲ.

ಇಷ್ಟೆಲ್ಲ ಕೇಳುವ ನೀವು ಒಂದನ್ನು ಮಾತ್ರ ಯಾವತ್ತೂ ಕೇಳಿಲ್ಲ. ಯಾಕೆ ಬಿಟ್ಟೆ ಅಂತ. ಮದುವೆ, ಮಕ್ಕಳು, ವರ್ಗಾವಣೆ ಅಂತ ನೀವೇ ಊಹಿಸಿಕೊಂಡುಬಿಟ್ಟಿದ್ದೀರಿ. ಹೆಂಡತಿ ಬೇಡ ಅಂದಿರಬೇಕು ಅಂತಾನೂ. ಪಾಪ, ಪೆಟ್ಟಿಗೆ ಮುಚ್ಚಿದ ದಿನ ಯಾಕೆ ಅಂತ ಕೇಳಿದವಳು ಅವಳೊಬ್ಬಳೇ.

1991ರ ಗಣೇಶನ ಹಬ್ಬದಲ್ಲಿ ಕಾರ್ಯಕ್ರಮ ಮುಗಿಸಿ ಬರುವಾಗ ಟೆಂಪೋದಿಂದ ಪೆಟ್ಟಿಗೆ ಜಾರಿ ಬಿತ್ತು. ತೆಗೆದು ನೋಡಿದರೆ ಎಲ್ಲ ಸರಿಯಾಗೇ ಕಂಡಿತು. ಆಮೇಲೆ ಕೆಳಗಿನ ಸ್ವರಗಳು ಬರಲೇ ಇಲ್ಲ. ಗೊಳಗೊಳ ಅನ್ನುತ್ತಿತ್ತು, ಇಲ್ಲ ಮೇಲಿನ ಸ್ವರಕ್ಕೆ ಹಾರುತ್ತಿತ್ತು. ಎರಡು ತಿಂಗಳು ಇನ್ನೂ ಜೋರಾಗಿ ಊದಿದೆ. ಆರ್ಕೆಸ್ಟ್ರಾದವರು ಮುಖ ಮುಖ ನೋಡಿಕೊಂಡರು. ನನ್ನ ಬಾಯೇ ಹೋಯಿತು, ಅಭ್ಯಾಸ ಸಾಲದು, ನನಗೆ ಇಷ್ಟೇ ಬರೋದು ಅಂದುಕೊಂಡೆ. ವಾದ್ಯದ ಮೇಲೆ ಅನುಮಾನವೇ ಬರಲಿಲ್ಲ. ಬಿದ್ದದ್ದು ಅದು, ನಾನಲ್ಲ ಅಂತ ಹೊಳೆಯಬೇಡವೇ?

ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ರಿಪೇರಿಗೆ ಕೊಟ್ಟೆ. ಕೀಗಳ ಕೆಳಗೆ ತೂತು ಮುಚ್ಚುವ, ಒಣಗಿ ಹೋದ ಚರ್ಮದ ಪ್ಯಾಡುಗಳನ್ನೆಲ್ಲ ಬದಲಿಸಿ, ರಿಪೇರಿಯವನು ಕೊಳವೆಯೊಳಗೆ ಒಂದು ಸಣ್ಣ ಬಲ್ಬು ಇಳಿಸಿ ಕೋಣೆಯ ದೀಪ ಆರಿಸಿದ. ಪ್ಯಾಡ್ ಸರಿಯಾಗಿ ಕೂತಿದ್ದರೆ ಕತ್ತಲೆ, ಇಲ್ಲದಿದ್ದರೆ ಅಂಚಿನಲ್ಲಿ ಬೆಳಕು. ಎಲ್ಲ ಕಡೆ ಕತ್ತಲೆ ಇತ್ತು. ಮೇಲುಗಡೆ ಒಂದು ಕಡೆ ಮಾತ್ರ, ಹೊಸ ಪ್ಯಾಡ್ ಹಾಕಿದ ಮೇಲೂ, ದಾರದ ಎಳೆಯಷ್ಟು ಬೆಳಕು.

"ಈ ಕೀ ಬೆಂಡಾಗಿದೆ ಸರ್. ಯಾವಾಗಲೋ ಬಿದ್ದಿರಬೇಕು. ಮೇಲೆ ಲೀಕ್ ಇದ್ರೆ ಕೆಳಗಿನ ಸ್ವರ ಬರಲ್ಲ."

ಹಾಗೇ ಕೈಯಲ್ಲಿ ಒತ್ತಿ ನೇರ ಮಾಡಿದ. ಐದು ನಿಮಿಷ ಹಿಡಿಯಿತೋ ಇಲ್ಲವೋ. ಅವನೇ ಒಂದು ಸಲ ಊದಿ ನೋಡಿದ. ಎಲ್ಲಕ್ಕಿಂತ ಕೆಳಗಿನ ಸ್ವರ, ಸಲೀಸಾಗಿ ಬಂತು.

ಎಷ್ಟಾಯ್ತು ಅಂದೆ. ಪ್ಯಾಡಿನ ದುಡ್ಡು ತಗೊಂಡ. ಬೆಂಡ್ ತೆಗೆದದ್ದಕ್ಕೆ ಏನೂ ಬೇಡ ಸರ್, ಸಣ್ಣ ಕೆಲಸ ಅಂದ.