ಮರುಪ್ರಯೋಗಕ್ಕೆ ಅಂಕ ಹಾಕುವಾಗ

ಹಳೆಯ ನಾಟಕವೊಂದನ್ನು ಮತ್ತೆ ರಂಗಕ್ಕೆ ತಂದವರಿಗೆ ಬಹುಮಾನ ಕೊಡುವಾಗ, ನಾಟಕಕ್ಕೆ ಕೊಡುತ್ತೇವೆಯೋ ಅದನ್ನು ಆಡಿದವರಿಗೆ ಕೊಡುತ್ತೇವೆಯೋ ಎಂಬುದು ಕೇಳಲು ಸರಳವಾದ ಪ್ರಶ್ನೆ. ಅದು ಎಷ್ಟು ಕಠಿಣವಾದುದೆಂದು ನನಗೆ ತಿಳಿದದ್ದು ಕಳೆದ ಚಳಿಗಾಲದ ಒಂದು ಭಾನುವಾರ. ತುಮಕೂರಿನ ರಂಗಾಸಕ್ತರ ಒಂದು ಸಣ್ಣ ಬಳಗ ಹಳೆಯ ನಾಟಕಗಳ ಮರುಪ್ರಯೋಗಕ್ಕೆಂದೇ ಸ್ಪರ್ಧೆ ಏರ್ಪಡಿಸಿತ್ತು. ಮೂವರು ತೀರ್ಪುಗಾರರಲ್ಲಿ ನಾನೊಬ್ಬ. ಉಳಿದಿಬ್ಬರಲ್ಲಿ ಒಬ್ಬರು ಶಿರಾ ಕಡೆಯ ಹಳ್ಳಿಗಳಲ್ಲಿ ಜೀವಮಾನವಿಡೀ ಪೌರಾಣಿಕ ನಾಟಕ ಕಲಿಸುತ್ತ ಬಂದ ಹಾರ್ಮೋನಿಯಂ ಮೇಷ್ಟ್ರು. ಮತ್ತೊಬ್ಬರು ನಿವೃತ್ತ ಕನ್ನಡ ಅಧ್ಯಾಪಕಿ.

ಇಂಥ ಸ್ಪರ್ಧೆ ನಡೆಯಲು ತುಮಕೂರಿಗಿಂತ ಯೋಗ್ಯವಾದ ಊರು ಕಡಿಮೆ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ಈ ಜಿಲ್ಲೆಯದು. ಅದನ್ನು ಬೆಳೆಸಿದ ಗುಬ್ಬಿ ವೀರಣ್ಣನವರ ಹೆಸರನ್ನೇ ಹೊತ್ತ ಕಲಾಕ್ಷೇತ್ರ ಜಿಲ್ಲಾ ಕೇಂದ್ರದಲ್ಲಿದೆ. ಆ ಕಂಪನಿಗೆ ನಾಟಕ ಬರೆದುಕೊಟ್ಟ, 1934ರ ‘ಸತಿ ಸುಲೋಚನಾ’ ವಾಕ್ಚಿತ್ರಕ್ಕೂ ಬರೆದ ನರಹರಿ ಶಾಸ್ತ್ರಿಗಳ ಹೆಸರಿನ ಹಿಂದಿರುವ ಬೆಳ್ಳಾವೆ ನಗರಕ್ಕೆ ಹತ್ತಿರದ ಊರು. ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನು ತಂದ ಕಥೆಯನ್ನು ಇಲ್ಲಿನ ಹಿರಿಯರು ಇಂದಿಗೂ ಕಣ್ಣಾರೆ ಕಂಡವರಂತೆ ಹೇಳುತ್ತಾರೆ. ಆದ್ದರಿಂದ ಇಲ್ಲಿ ಹಳೆಯ ನಾಟಕವೆಂದರೆ ಪಠ್ಯಪುಸ್ತಕದ ವಿಷಯವಲ್ಲ, ಮನೆತನದ ವಿಷಯ.

ಅಂದು ಮೂರು ನಾಟಕಗಳಿದ್ದವು. ಬೆಳಿಗ್ಗೆ ಕಾಲೇಜು ವಿದ್ಯಾರ್ಥಿಗಳ ತಂಡವೊಂದು ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ಆಡಿತು. ಅಂಕಗಳ ಬೆನ್ನು ಹತ್ತಿದ ಒಬ್ಬ ಮಗ, ಮನೆಯ ಕಷ್ಟಕ್ಕೆ ಹೆಗಲು ಕೊಡುವ ಇನ್ನೊಬ್ಬ ಮಗ: ನೂರು ವರ್ಷ ದಾಟಿದ ಈ ನಾಟಕಕ್ಕೆ ಇಂದಿನ ಯಾವ ಮನೆಯಲ್ಲಿ ಬಾಗಿಲಿಲ್ಲ? ಹುಡುಗ ಹುಡುಗಿಯರ ಮಾತು ಚುರುಕಾಗಿತ್ತು, ಇಂಗ್ಲಿಷ್ ಬೆರೆತ ಆ ಕನ್ನಡದ ಲಯ ಅವರ ನಾಲಿಗೆಗೆ ಸಲೀಸಾಗಿ ಒಲಿದಿತ್ತು. ಆದರೆ ನಿರ್ದೇಶಕರು ನಡುನಡುವೆ ನೀಟ್ ಕೋಚಿಂಗ್ ಕೇಂದ್ರದ ಜಾಹೀರಾತುಗಳನ್ನು ಹಿಂದಿನ ಪರದೆಯ ಮೇಲೆ ತೋರಿಸುತ್ತಿದ್ದರು. ಪ್ರತಿ ಸಲ ಪರದೆ ಬೆಳಗಿದಾಗಲೂ, ಪ್ರೇಕ್ಷಕರು ತಾವಾಗಿಯೇ ತಲುಪಬಹುದಾಗಿದ್ದ ಅರ್ಥವನ್ನು ಯಾರೋ ಅವಸರದಿಂದ ಅವರ ಕೈಗೆ ತುರುಕಿದಂತಾಗುತ್ತಿತ್ತು. ಕೈಲಾಸಂ ಆ ಮನೆಯನ್ನು ಎಷ್ಟು ಬಿಗಿಯಾಗಿ ಕಟ್ಟಿದ್ದಾರೆಂದರೆ ಅದಕ್ಕೆ ಹೊಸ ಕಿಟಕಿ ಕೊರೆಯುವ ಅಗತ್ಯವೇ ಇಲ್ಲ.

ಮಧ್ಯಾಹ್ನದ್ದು ಹಳ್ಳಿಯೊಂದರ ರೈತರು ಆಡಿದ ‘ಕುರುಕ್ಷೇತ್ರ’. ನಮ್ಮ ಸೀಮೆಯಲ್ಲಿ ಈ ನಾಟಕ ಹೇಗೆ ನಡೆಯುತ್ತದೆಂಬುದು ಇಲ್ಲಿಯವರಿಗೆ ಗೊತ್ತು. ಪಾತ್ರಕ್ಕೆ ಇಷ್ಟೆಂದು ಆಡುವವರೇ ಹಣ ಕಟ್ಟುತ್ತಾರೆ. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ಸೈಂಧವನಿಗೆ ಕಡಿಮೆ. ತಿಂಗಳುಗಟ್ಟಲೆ ರಾತ್ರಿ ತಾಲೀಮು, ಬಾಡಿಗೆಯ ಸೀನರಿ, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಬರುವ ವೃತ್ತಿ ಕಲಾವಿದೆಯರು. ರಾತ್ರಿಯಿಡೀ ಆಡುವುದನ್ನು ಸ್ಪರ್ಧೆಯ ನಿಯಮಕ್ಕಾಗಿ ಮೂರು ಗಂಟೆಗೆ ಇಳಿಸಿದ್ದರು. ಅವರು ಕತ್ತರಿಸಿದ ರೀತಿ ನನ್ನನ್ನು ಬೆರಗುಗೊಳಿಸಿತು. ಯುದ್ಧದ ಆರ್ಭಟವನ್ನೆಲ್ಲ ಬಿಟ್ಟು, ಸಂಧಾನದ ದೃಶ್ಯವನ್ನು ಮಾತ್ರ ಒಂದು ಕಂದಪದ್ಯವನ್ನೂ ಬಿಡದೆ ಉಳಿಸಿಕೊಂಡಿದ್ದರು. ದುರ್ಯೋಧನನ ಪಾತ್ರಧಾರಿ ಒಂದು ವೃತ್ತಪದ್ಯವನ್ನು ಹಾಡಿ ಮುಗಿಸಿದಾಗ ಸಭೆಯಿಂದ ‘ಒನ್ಸ್ ಮೋರ್’ ಕೂಗು ಎದ್ದಿತು. ಅವರು ಹಾರ್ಮೋನಿಯಂ ಕಡೆ ನೋಡಿ, ಶ್ರುತಿ ಹಿಡಿದು, ಎರಡನೆಯ ಸಲ ಇನ್ನಷ್ಟು ನಿಧಾನವಾಗಿ ಹಾಡಿದರು. ಹಗಲೆಲ್ಲ ಅಡಕೆ ತೋಟದಲ್ಲಿ ದುಡಿಯುವ ಮನುಷ್ಯನ ಕಂಠದಲ್ಲಿ ಆ ಸಾಹಿತ್ಯದ ಒಂದಕ್ಷರವೂ ಜಾರಲಿಲ್ಲ.

ಸಂಜೆಯ ‘ಸದಾರಮೆ’ ನಗರದ ಹವ್ಯಾಸಿ ತಂಡದ್ದು. ಈ ನಾಟಕದ ಕಳ್ಳನ ಪಾತ್ರ ವೀರಣ್ಣನವರಿಗೆ ನಾಡಿನಾದ್ಯಂತ ಹೆಸರು ತಂದುಕೊಟ್ಟದ್ದು. ಈ ಊರಿನಲ್ಲಿ ಅದನ್ನು ಮತ್ತೆ ಆಡುವುದಕ್ಕೆ ಧೈರ್ಯ ಬೇಕು. ತಂಡವು ಹಾಡುಗಳ ಮಟ್ಟನ್ನಾಗಲಿ (ಧಾಟಿಯನ್ನಾಗಲಿ) ಕಥೆಯ ನಡೆಯನ್ನಾಗಲಿ ಮುಟ್ಟಿರಲಿಲ್ಲ. ಕಳ್ಳನ ಮಾತುಗಳನ್ನು ಮಾತ್ರ ಬಹುಪಾಲು ಹೊಸದಾಗಿ ಹೊಸೆದಿತ್ತು. ಕಾಡಿನ ದೃಶ್ಯದಲ್ಲಿ ಆತ ಮೊಬೈಲಿನಲ್ಲಿ ಹಣ ಕಳಿಸುವ ಈ ಕಾಲದಲ್ಲಿ ಜೇಬುಗಳೇ ಖಾಲಿಯಾಗಿ ತನ್ನ ಕಸುಬು ಕೆಟ್ಟಿತೆಂದು ಗೋಳಿಡುತ್ತಾನೆ. ಸಭೆ ನಕ್ಕಿತು, ಅಧ್ಯಾಪಕಿಯವರು ಮಾತ್ರ ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತರು.

ಒಳಗಿನ ಕೊಠಡಿಯಲ್ಲಿ ಚರ್ಚೆ ಶುರುವಾದದ್ದು ಅಲ್ಲಿಂದಲೇ. “ಹಳೆಯ ಕೃತಿಗೆ ಗೌರವ ಅಂದಮೇಲೆ ಮಾತು ಬದಲಾಯಿಸಬಹುದೇ ಮೇಷ್ಟ್ರೇ? ಹಾಗಾದರೆ ಅದನ್ನು ಹಳೆಯ ನಾಟಕ ಅಂತ ಯಾಕೆ ಕರೀಬೇಕು?” ಎಂದು ಅವರು ಕೇಳಿದರು.

ಮೇಷ್ಟ್ರು ಬಹಳ ಹೊತ್ತು ಯೋಚಿಸಿ ಹೇಳಿದರು: “ಅಮ್ಮಾ, ಕಂಪ್ನಿ ನಾಟಕದಾಗೆ ಕಳ್ಳನ ಮಾತು ಯಾವತ್ತೂ ಬರೆದಿಟ್ಟಿದ್ದಲ್ಲ. ಯಾವ ಊರಿಗೆ ಹೋದ್ರೆ ಆ ಊರಿನ ಮಾತು ಆಡಬೇಕು. ಹಳೇ ಜೋಕನ್ನೇ ಒಪ್ಪಿಸಿದ್ರೆ ಅದು ಕಳ್ಳನ ಪಾತ್ರ ಆಗಲ್ಲ, ಪಾಠ ಆಗ್ತದೆ. ಆದ್ರೆ ಪದ ಮುಟ್ಟಬಾರದು, ಮಟ್ಟು ಮುಟ್ಟಬಾರದು. ಆ ಹುಡುಗರು ಮುಟ್ಟಿಲ್ಲ.”

ಅಂದಿನ ಎಲ್ಲ ಮಾತುಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಇದು. ಪ್ರತಿಯೊಂದು ಹಳೆಯ ನಾಟಕದಲ್ಲೂ ಆಡುವವರಿಗೆಂದೇ ತೆರೆದಿಟ್ಟ ಜಾಗಗಳಿರುತ್ತವೆ, ಮುಚ್ಚಿದ ಜಾಗಗಳೂ ಇರುತ್ತವೆ. ಯಾವುದು ಯಾವುದೆಂದು ಅರಿಯುವುದೇ ಮರುಪ್ರಯೋಗದ ವಿದ್ಯೆ. ಬೆಳಗಿನ ತಂಡ ಮುಚ್ಚಿದ ಕಡೆ ಕೈ ಹಾಕಿತ್ತು, ಸಂಜೆಯ ತಂಡ ತೆರೆದ ಕಡೆ ಮಾತ್ರ ಪ್ರವೇಶಿಸಿತ್ತು. ಬದಲಾವಣೆಯನ್ನೇ ಹೊಸತನವೆಂದು ಮೆಚ್ಚುವುದಾಗಲಿ ದ್ರೋಹವೆಂದು ತಳ್ಳುವುದಾಗಲಿ ತೀರ್ಪುಗಾರರ ಸೋಮಾರಿತನವೆಂದು ನಾನು ನಂಬುತ್ತೇನೆ.

ನಮಗೆ ಕೊಟ್ಟಿದ್ದ ಅಂಕಪಟ್ಟಿಯಲ್ಲಿ ‘ಕೃತಿಯ ಶ್ರೇಷ್ಠತೆ’ಗೆಂದೇ 20 ಅಂಕಗಳಿದ್ದವು. ಅದನ್ನು ಬಿಟ್ಟುಬಿಡೋಣವೆಂದು ನಾನು ಒತ್ತಾಯಿಸಿದೆ. ಆಗ ನಾನು ಉದಾಹರಿಸಿದ್ದು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯ ಟೋನಿ ಪ್ರಶಸ್ತಿಯನ್ನು. ಅಲ್ಲಿ ಮರುಪ್ರಯೋಗಕ್ಕೆ ಪ್ರತ್ಯೇಕ ಪ್ರಶಸ್ತಿ ಆರಂಭವಾದದ್ದು 1977ರಲ್ಲಿ. 1994ರಿಂದ ಮಾತಿನ ನಾಟಕಕ್ಕೆ ಬೇರೆ, ಸಂಗೀತ ನಾಟಕಕ್ಕೆ ಬೇರೆ. ಆರ್ಥರ್ ಮಿಲ್ಲರ್ ಅವರ ‘ಡೆತ್ ಆಫ್ ಎ ಸೇಲ್ಸ್‌ಮನ್’ 1949ರಲ್ಲಿ ಹೊಸ ನಾಟಕವಾಗಿ ಟೋನಿ ಪಡೆಯಿತು. ಆಮೇಲೆ 1984, 1999 ಮತ್ತು 2012ರಲ್ಲಿ ಮರುಪ್ರಯೋಗದ ಪ್ರಶಸ್ತಿಯೂ ಅದರ ಮೂರು ಬೇರೆ ಬೇರೆ ಪ್ರಯೋಗಗಳಿಗೆ ಸಂದಿತು. ಕೃತಿ ಶ್ರೇಷ್ಠವೇ ಎಂಬುದು 1949ರಲ್ಲೇ ತೀರ್ಮಾನವಾಗಿದ್ದ ವಿಷಯ. ಡಸ್ಟಿನ್ ಹಾಫ್‌ಮನ್, ಬ್ರಯಾನ್ ಡೆನ್ನೆಹಿ, ಫಿಲಿಪ್ ಸೀಮೂರ್ ಹಾಫ್‌ಮನ್ ಒಬ್ಬೊಬ್ಬರಾಗಿ ಅದೇ ಮಾರಾಟಗಾರನ ಪಾತ್ರವನ್ನು ಹೊತ್ತು, ಪ್ರತಿ ಸಲವೂ ಬೇರೆ ತಲೆಮಾರಿನ ಪ್ರೇಕ್ಷಕರ ಎದುರು ನಿಂತರು. ಪ್ರಶಸ್ತಿ ಸಂದದ್ದು ಆ ಎದುರಾಗುವಿಕೆಗೆ. ವ್ಯಾಸರ ಕಥೆಗೂ ಕೈಲಾಸಂ ಅವರ ಮಾತಿಗೂ ನಾವು ಮೂವರು ಕುಳಿತು ಅಂಕ ಹಾಕುವುದರಲ್ಲಿ ಅರ್ಥವಿಲ್ಲ ಎಂದೆ. ಇಬ್ಬರೂ ಒಪ್ಪಿದರು.

ಹಾಡಿನ ನಾಟಕವನ್ನೂ ಮಾತಿನ ನಾಟಕವನ್ನೂ ಒಂದೇ ಪಟ್ಟಿಯಲ್ಲಿ ತೂಗುವುದು ಸರಿಯಲ್ಲವೆಂದೂ ನನಗೆ ಅನ್ನಿಸಿತು. ಆದರೆ ಮೂರೇ ತಂಡಗಳಿರುವಾಗ ಅದಕ್ಕೆ ಪರಿಹಾರವಿರಲಿಲ್ಲ.

ಉಳಿದದ್ದು ‘ಕುರುಕ್ಷೇತ್ರ’ದ ಪ್ರಶ್ನೆ. “ಅದು ನಿಂತೇ ಇಲ್ಲವಲ್ಲ ಸರ್, ಜಿಲ್ಲೆಯಲ್ಲಿ ವಾರಕ್ಕೊಂದು ಕಡೆ ಆಡ್ತಾನೇ ಇರ್ತಾರೆ. ನಿಲ್ಲದೇ ಇರೋದನ್ನ ಮರುಪ್ರಯೋಗ ಅಂತ ಹೇಗೆ ಅನ್ನೋದು?” ಎಂದು ಅಧ್ಯಾಪಕಿಯವರು ನನ್ನ ಕಡೆ ತಿರುಗಿದರು. ಆ ತರ್ಕವನ್ನು ತಳ್ಳಿಹಾಕಲಾಗುವುದಿಲ್ಲ. ಆದರೂ ನಾನು ಒಪ್ಪಲಿಲ್ಲ. ಸ್ವಂತ ಹಣ ಕಟ್ಟಿ, ನಿದ್ದೆಗೆಟ್ಟು, ಸಾಲು ಸಾಲು ಪದ್ಯಗಳನ್ನು ಕಂಠಸ್ಥ ಮಾಡಿಕೊಂಡು ಆ ಜನ ಈ ನಾಟಕವನ್ನು ನಿಲ್ಲಗೊಡದೆ ಇರುವುದರಿಂದಲೇ ನಮಗೆ ಮರುಪ್ರಯೋಗವೆಂಬ ಮಾತನ್ನಾಡುವ ಅವಕಾಶವಿದೆ. ಮಟ್ಟು ಬಲ್ಲ ಮೇಷ್ಟ್ರುಗಳಿಗೆ ಅನ್ನ ಸಿಗುತ್ತಿರುವುದು ಈ ಹಳ್ಳಿಗಳಲ್ಲಿ. ಸಂಜೆಯ ‘ಸದಾರಮೆ’ಗೆ ಹಾಡು ಕಲಿಸಿದವರು ಕೂಡ ಹಳ್ಳಿಯ ಮೇಷ್ಟ್ರೇ ಎಂದು ತಂಡದವರೇ ರಂಗದ ಮೇಲೆ ಹೇಳಿದ್ದರು. ಪುನರುಜ್ಜೀವನಕ್ಕೆ ಬೇಕಾದ ಜೀವವನ್ನು ಕಾಪಾಡಿದವರನ್ನು ಪುನರುಜ್ಜೀವನದ ಬಹುಮಾನದಿಂದ ಹೊರಗಿಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಕೊನೆಗೆ ಮೊದಲ ಬಹುಮಾನ ‘ಸದಾರಮೆ’ಗೆ, ಎರಡನೆಯದು ‘ಕುರುಕ್ಷೇತ್ರ’ಕ್ಕೆ ಹೋಯಿತು. ನನ್ನ ಅಂಕಗಳಲ್ಲಿ ಅವೆರಡೂ ಸಮವಾಗಿದ್ದವು. ಬಹುಮತಕ್ಕೆ ನಾನು ತಲೆಬಾಗಿದೆ. ವಿದ್ಯಾರ್ಥಿಗಳ ತಂಡದ ನಿರ್ದೇಶಕರು ಕಾರಣ ಕೇಳಲು ಬಂದಾಗ ಪರದೆಯ ವಿಷಯವನ್ನು ವಿವರವಾಗಿ ಹೇಳಿದೆ. ಅವರು ವಾದಿಸಿದರು, ಪೂರ್ತಿ ಒಪ್ಪದೆಯೇ ಹೋದರು.

ಸಂಘಟಕರ ಮುಂದೆ ನಾವು ಮೂವರೂ ಎರಡು ಸಲಹೆಗಳನ್ನು ಬರೆದಿಟ್ಟೆವು. ಮುಂದಿನ ವರ್ಷದಿಂದ ಪ್ರತಿ ತಂಡವೂ ಮೂಲದಲ್ಲಿ ಏನನ್ನು ಬಿಟ್ಟಿತು, ಏನನ್ನು ಸೇರಿಸಿತು, ಯಾಕೆ ಎಂಬುದನ್ನು ಒಂದು ಪುಟದಲ್ಲಿ ಬರೆದು ಕೊಡಬೇಕು. ನಾಟಕವನ್ನು ನಿಲ್ಲದಂತೆ ಆಡಿಸಿಕೊಂಡು ಬಂದ ಒಬ್ಬ ಮೇಷ್ಟ್ರಿಗೆ ಪ್ರತಿ ವರ್ಷ ಪ್ರತ್ಯೇಕ ಗೌರವ ಸಲ್ಲಬೇಕು. ಮೊದಲನೆಯದಕ್ಕೆ ಅವರು ಅಲ್ಲಿಯೇ ಒಪ್ಪಿದರು. ಎರಡನೆಯದಕ್ಕೆ ಹಣ ಹೊಂದಿಸಬೇಕೆಂದರು. ಅದಕ್ಕಾಗಿ ಊರಿನ ರಂಗಾಸಕ್ತರ ಮನೆಗಳಿಗೆ ಹೋಗಿ ಕೇಳುವ ಕೆಲಸವನ್ನು ಅಧ್ಯಾಪಕಿಯವರೂ ನಾನೂ ಹಂಚಿಕೊಂಡಿದ್ದೇವೆ.