ಅಮ್ಮನ ಹೆಸರು ಇರದಿದ್ದರೆ ಇಸಬೆಲ್ಲಾ ರೊಸೆಲ್ಲಿನಿ ಯಾರು?

ನಾನು ಹಳೆಯ ಸಿನಿಮಾಗಳ ಬಗ್ಗೆ ಬರೆಯುತ್ತೇನೆ. ಇಟಲಿಯ ನಟಿ, ಮಾಡೆಲ್ ಇಸಬೆಲ್ಲಾ ರೊಸೆಲ್ಲಿನಿ ಎಂದರೆ ನನಗೆ ತುಂಬಾ ಇಷ್ಟ, ಆ ಮಾತು ಎಲ್ಲಾದರೂ ಬಂದೇ ಬರುತ್ತದೆ. ಬಂದ ಕೂಡಲೇ ಯಾರಾದರೂ ಒಬ್ಬರು ಕೇಳುತ್ತಾರೆ: "ಹಾಲಿವುಡ್ ತಾರೆ ಇನ್‌ಗ್ರಿಡ್ ಬರ್ಗ್‌ಮನ್ ಮಗಳಾಗಿ ಹುಟ್ಟದೇ ಇದ್ದಿದ್ರೆ ಅವರನ್ನ ಯಾರು ಕೇಳ್ತಿದ್ರು?"

ಶುರುವಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಇದರಲ್ಲಿ ವಾದ ಮಾಡುವಂಥದ್ದೇನೂ ಇಲ್ಲ. ಅವರು ಮೊದಲು ನಟಿಸಿದ್ದು 1976ರ 'ಎ ಮ್ಯಾಟರ್ ಆಫ್ ಟೈಮ್' ಸಿನಿಮಾದಲ್ಲಿ. ಚಿಕ್ಕ ಪಾತ್ರ, ಒಬ್ಬ ಸಿಸ್ಟರ್, ಅಂದರೆ ಕ್ರೈಸ್ತ ಸನ್ಯಾಸಿನಿ. ಅದೇ ಸಿನಿಮಾದಲ್ಲಿ ಅಮ್ಮ ಇನ್‌ಗ್ರಿಡ್ ಕೂಡ ಇದ್ದರು. ನಾಯಕಿ ಲೈಝಾ ಮಿನೆಲ್ಲಿ, ಅವರೂ ಜೂಡಿ ಗಾರ್ಲೆಂಡ್ ಎಂಬ ಹೆಸರಾಂತ ನಟಿಯ ಮಗಳೇ. ನಿರ್ದೇಶಕರು ಲೈಝಾ ಅವರ ಅಪ್ಪ ವಿನ್ಸೆಂಟ್ ಮಿನೆಲ್ಲಿ. ಹೀಗೆ ಸಿಕ್ಕ ಅವಕಾಶವನ್ನು ಪ್ರತಿಭೆಯ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸಿಲ್ಲ.

ಆದರೆ ಪ್ರಶ್ನೆ ಕೇಳುವವರು ಒಂದು ಮರೆಯುತ್ತಾರೆ. ಇಸಬೆಲ್ಲಾ ಹುಟ್ಟಿದಾಗ ಆ ಹೆಸರಿಗೆ ಅಂಥ ಬೆಲೆ ಇರಲಿಲ್ಲ. 'ಕಾಸಾಬ್ಲಾಂಕಾ'ದ ನಾಯಕಿ, 'ಗ್ಯಾಸ್‌ಲೈಟ್'ಗೆ ಆಸ್ಕರ್ ಗೆದ್ದ ಇನ್‌ಗ್ರಿಡ್, 1949ರಲ್ಲಿ 'ಸ್ಟ್ರಾಂಬೋಲಿ' ಮಾಡಲು ಇಟಲಿಗೆ ಹೋದರು. ನಿರ್ದೇಶಕ ರೊಬೆರ್ಟೊ ರೊಸೆಲ್ಲಿನಿಯವರನ್ನು ಪ್ರೀತಿಸಿದರು. ಇಬ್ಬರಿಗೂ ಬೇರೆ ಬೇರೆ ಮದುವೆಯಾಗಿತ್ತು. 1950ರ ಫೆಬ್ರವರಿಯಲ್ಲಿ ಗಂಡು ಮಗು ಹುಟ್ಟಿತು. ಮರು ತಿಂಗಳೇ ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಕೊಲರಾಡೊದ ಸದಸ್ಯ ಎಡ್ವಿನ್ ಜಾನ್ಸನ್ ಎದ್ದು ನಿಂತು ಆಕೆಯನ್ನು ಬಾಯಿಗೆ ಬಂದಂತೆ ಬೈದರು. ಒಬ್ಬ ನಟಿಯ ಮನೆ ವಿಷಯ ಸೆನೆಟ್‌ನಲ್ಲಿ! ಮೊದಲ ಗಂಡನಿಂದ ಹುಟ್ಟಿದ ಮಗಳು ಪಿಯಾ ಅಮೆರಿಕದಲ್ಲೇ ಉಳಿದಳು. ಈ ಗದ್ದಲ ಇನ್ನೂ ಆರಿರಲಿಲ್ಲ, 1952ರ ಜೂನ್ 18ರಂದು ರೋಮ್‌ನಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದರು: ಇಸಬೆಲ್ಲಾ ಮತ್ತು ಇಸೊಟ್ಟಾ. 1957ರ ಹೊತ್ತಿಗೆ ಅಪ್ಪ ಅಮ್ಮ ಬೇರೆಯಾದರು.

ಹದಿಮೂರನೇ ವಯಸ್ಸಿಗೆ ಇಸಬೆಲ್ಲಾ ಬೆನ್ನುಮೂಳೆ ಸೊಟ್ಟಗಾಗುವ ಕಾಯಿಲೆಗೆ ದೊಡ್ಡ ಆಪರೇಷನ್ ಮಾಡಿಸಿಕೊಂಡರು. ಮೊದಲು ಮೈಯನ್ನು ಎಳೆದು ನೆಟ್ಟಗೆ ಮಾಡಬೇಕು, ಅದು ತಡೆಯಲಾಗದ ನೋವು. ಆಮೇಲೆ ಕಾಲಿನ ಮೂಳೆಯ ಚೂರುಗಳನ್ನು ತೆಗೆದು ಬೆನ್ನಿಗೆ ಕೂರಿಸಿದರು. ತಿಂಗಳುಗಟ್ಟಲೆ ಮೈಗೆ ಪ್ಲಾಸ್ಟರ್. ಇನ್‌ಗ್ರಿಡ್ ಆಗ ಕೆಲಸ ಬದಿಗಿಟ್ಟು ಮಗಳ ಪಕ್ಕದಲ್ಲಿದ್ದರು. ಮುಂದೆ ಜಗತ್ತು ಸುಂದರಿ ಎಂದು ಕರೆದ ದೇಹ ಇದೇ. ಅದನ್ನು ನೆನೆದಾಗಲೆಲ್ಲ "ಎಲ್ಲಾ ಹುಟ್ಟಿನಿಂದ ಬಂದಿದ್ದು" ಎನ್ನುವ ಮಾತು ನನಗೆ ಸಲೀಸಾಗಿ ಒಳಗೆ ಇಳಿಯುವುದಿಲ್ಲ.

ಇನ್ನೊಂದು ವಿಷಯ. ಅದೇ ಅಮ್ಮ, ಅದೇ ದಿನ ಹುಟ್ಟಿದ ಇಸೊಟ್ಟಾ ಇಟಾಲಿಯನ್ ಸಾಹಿತ್ಯದ ಪ್ರೊಫೆಸರ್ ಆದರು. ಪಿಯಾ ಟಿವಿ ಪತ್ರಕರ್ತೆಯಾದರು. ಇಸಬೆಲ್ಲಾ ಕೂಡ ಹತ್ತೊಂಬತ್ತರಲ್ಲಿ ನ್ಯೂಯಾರ್ಕ್‌ಗೆ ಬಂದು ಅನುವಾದ ಮಾಡುತ್ತಾ, ಇಟಲಿಯ ರಾಯ್ ಚಾನೆಲ್‌ಗೆ ವರದಿ ಕಳಿಸುತ್ತಾ ಇದ್ದವರು. ಇಪ್ಪತ್ತೆಂಟಕ್ಕೆ ಫೋಟೋಗ್ರಾಫರ್ ಬ್ರೂಸ್ ವೆಬರ್ ಕ್ಯಾಮೆರಾ ಮುಂದೆ ನಿಂತ ಮೇಲೆ ಮಾಡೆಲ್ ಆದರು. ಆ ಕೆಲಸಕ್ಕೆ ಇಪ್ಪತ್ತೆಂಟು ತಡವಾದ ವಯಸ್ಸೇ.

1982ರಲ್ಲಿ ಸೌಂದರ್ಯವರ್ಧಕಗಳನ್ನು ಮಾಡುವ ಲ್ಯಾಂಕೋಮ್ ಕಂಪನಿ ಅವರನ್ನು ತನ್ನ ಜಾಹೀರಾತುಗಳ ಮುಖವಾಗಿ ತೆಗೆದುಕೊಂಡಿತು. ಅದೇ ವರ್ಷ ಆಗಸ್ಟ್ 29ರಂದು, ತಮ್ಮ 67ನೇ ಹುಟ್ಟುಹಬ್ಬದ ದಿನವೇ, ಇನ್‌ಗ್ರಿಡ್ ತೀರಿಕೊಂಡರು. ಆ ಜಾಹೀರಾತುಗಳನ್ನು ಈಗ ನೋಡಿದರೂ ಮೊದಲು ಕಾಣುವುದು ಅಮ್ಮನೇ. ಅದೇ ಕೆನ್ನೆ, ಅದೇ ಬಾಯಿ, ಜಾಸ್ತಿ ಬಣ್ಣ ಬಳಿಯದ ಅದೇ ಮುಖ. ಅಮ್ಮನಿಂದ ಬಂದ ಆಸ್ತಿ ನಿಜವಾಗಿ ಅದು. ಹೆಸರಿಗಿಂತ ಮುಖ.

ಆ ಮುಖವನ್ನು ಅವರು ಏನು ಮಾಡಿದರು ಅನ್ನುವಲ್ಲೇ ನನ್ನ ಉತ್ತರ ಇದೆ.

1986ರ 'ಬ್ಲೂ ವೆಲ್ವೆಟ್' ನೋಡಿ, ಡೇವಿಡ್ ಲಿಂಚ್ ನಿರ್ದೇಶನ. ಹೊಡೆತ ತಿಂದು ಜರ್ಜರಿತಳಾದ ಗಾಯಕಿ ಡೊರೊಥಿ ಒಂದು ರಾತ್ರಿ ಮೈಮೇಲೆ ಬಟ್ಟೆಯಿಲ್ಲದೆ ಬೇರೆಯವರ ಮನೆ ಮುಂದೆ ಬಂದು ನಿಲ್ಲುತ್ತಾಳೆ. ಕೈಗಳಿಂದ ಮೈ ಮುಚ್ಚಿಕೊಳ್ಳುವುದಿಲ್ಲ. ಕೈಗಳು ಮೈಯಿಂದ ದೂರ ತೂಗುತ್ತಿರುತ್ತವೆ. ಆ ನಿಲುವಿಗೆ ವಿಯೆಟ್ನಾಂ ಯುದ್ಧದಲ್ಲಿ ಮೈ ಸುಟ್ಟುಕೊಂಡು ಓಡಿಬರುವ ಹುಡುಗಿಯ ಫೋಟೋ ನೆನಪಿನಲ್ಲಿತ್ತು ಎಂದು ಇಸಬೆಲ್ಲಾ ಹೇಳಿದ್ದಾರೆ. ನಾಚಿಕೆ ಮೂಡುವುದಕ್ಕೂ ಒಂದಿಷ್ಟು ಚೈತನ್ಯ ಬೇಕು, ಡೊರೊಥಿಯಲ್ಲಿ ಅಷ್ಟೂ ಉಳಿದಿಲ್ಲ. ಕ್ರೀಮ್ ಮಾರುವ ಮುಖವನ್ನೇ ಅವರು ಹೀಗೆ ತಂದು ನಿಲ್ಲಿಸಿದರು. ನಿರ್ದೇಶಕ ನಟಿಯನ್ನು ಬಳಸಿಕೊಂಡ ಎಂದು ವಿಮರ್ಶಕ ರೋಜರ್ ಈಬರ್ಟ್ ಸಿಟ್ಟಾದರು. ನಾನು ದೊಡ್ಡವಳು, ಗೊತ್ತಿದ್ದೇ ಪಾತ್ರ ಒಪ್ಪಿದ್ದು ಎನ್ನುವುದು ಇಸಬೆಲ್ಲಾ ಅವರ ಮಾತು. ನಾನು ಇಸಬೆಲ್ಲಾ ಪಕ್ಷ. ಅಮ್ಮನ ಹೆಸರಿಗೆ ಮಸಿ ಬರಬಾರದು ಎಂದುಕೊಂಡಿದ್ದರೆ ಈ ಪಾತ್ರ ಮಾಡಲು ಆಗುತ್ತಿತ್ತಾ?

ನಡುವೆ ಹತ್ತು ವರ್ಷ ಸಿನಿಮಾ, ಜಾಹೀರಾತು ಎರಡೂ ನಡೆದವು. 1996ರಲ್ಲಿ ಲ್ಯಾಂಕೋಮ್ ಅವರನ್ನು ಕೈಬಿಟ್ಟಿತು. ಆಗ ಅವರಿಗೆ ನಲವತ್ತು ದಾಟಿ ಮೂರ್ನಾಲ್ಕು ವರ್ಷ ಅಷ್ಟೇ. ವಯಸ್ಸಾಯಿತು ಎನ್ನುವುದೇ ಕಾರಣ ಎಂದು ಅವರು ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ಮುಂದಿನ ವರ್ಷಗಳಲ್ಲಿ ಸಿನಿಮಾ ಪಾತ್ರಗಳೂ ಚಿಕ್ಕವಾಗುತ್ತಾ ಬಂದವು. ಅಮ್ಮನ ಮುಖದಿಂದ ಬರುವ ಸಂಪಾದನೆ ಅಲ್ಲಿಗೆ ಮುಗಿಯಿತು.

ಬೇರೆಯವರಾಗಿದ್ದರೆ ಹಳೆಯ ನೆನಪುಗಳನ್ನು ಹೇಳಿಕೊಂಡು ಕಾಲ ಹಾಕಬಹುದಿತ್ತು. ಇಸಬೆಲ್ಲಾ 2008ರಲ್ಲಿ 'ಗ್ರೀನ್ ಪೋರ್ನೋ' ಎಂಬ ಪುಟಾಣಿ ಚಿತ್ರಗಳ ಸರಣಿ ಮಾಡಿದರು. ಹೆಸರು ಕೇಳಿ ಗಾಬರಿ ಬೇಡ. ಹುಳುಹುಪ್ಪಟೆಗಳು ಹೇಗೆ ಕೂಡುತ್ತವೆ, ಹೇಗೆ ಮರಿ ಮಾಡುತ್ತವೆ ಎನ್ನುವ ವಿಜ್ಞಾನ ಅದು. ಒಂದೊಂದೂ ಒಂದೆರಡು ನಿಮಿಷ. "ನಾನು ನೊಣವಾಗಿದ್ದರೆ" ಎಂದು ಶುರು ಮಾಡಿ ಕಾಗದ, ಸ್ಪಂಜಿನ ವೇಷ ಹಾಕಿಕೊಂಡು ನೊಣವೇ ಆಗಿಬಿಡುತ್ತಾರೆ. ಎರೆಹುಳ ಆಗುತ್ತಾರೆ, ಬಸವನಹುಳ ಆಗುತ್ತಾರೆ. ಕೈಮುಗಿದಂತೆ ಕೂರುವ ಸೂರ್ಯನ ಕುದುರೆ (ಪ್ರೇಯಿಂಗ್ ಮ್ಯಾಂಟಿಸ್) ಎಂಬ ಕೀಟದ ಕಥೆಯಲ್ಲಿ ಅವರು ಗಂಡು. ಹೆಣ್ಣು ಕೀಟ ತಲೆಯನ್ನೇ ತಿನ್ನುತ್ತಿದ್ದರೂ ಗಂಡು ತನ್ನ ಕೆಲಸ ಬಿಡುವುದಿಲ್ಲ, ಅದನ್ನು ಪೂರಾ ಗಂಭೀರವಾಗಿ ಆಡಿ ತೋರಿಸುತ್ತಾರೆ. ಬರೆದದ್ದು ಅವರು, ನಟಿಸಿದ್ದು ಅವರು. ಇಲ್ಲಿ ಇನ್‌ಗ್ರಿಡ್ ಬರ್ಗ್‌ಮನ್ ಹೆಸರಿಂದ ಏನು ಪ್ರಯೋಜನ ಹೇಳಿ?

ಆಮೇಲೂ ಅವರು ಸುಮ್ನೆ ಕೂರಲಿಲ್ಲ. ನ್ಯೂಯಾರ್ಕ್‌ನ ಹಂಟರ್ ಕಾಲೇಜಿನಲ್ಲಿ ಪ್ರಾಣಿಗಳ ನಡವಳಿಕೆ ಮತ್ತು ಸಂರಕ್ಷಣೆಯಲ್ಲಿ ಸ್ನಾತಕೋತ್ತರ ಪದವಿ ಮಾಡಿದರು. ಲಾಂಗ್ ಐಲೆಂಡ್‌ನಲ್ಲಿ ಜಮೀನು ಮಾಡಿ ಅಪರೂಪದ ತಳಿಯ ಕೋಳಿ, ಕುರಿ, ಜೇನು ಸಾಕುತ್ತಾರೆ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳ ಸಂಸ್ಥೆಗಾಗಿ ಮರಿಗಳನ್ನು ಬೆಳೆಸಿ ಕೊಟ್ಟಿದ್ದಾರೆ. 2016ರಲ್ಲಿ ಅದೇ ಲ್ಯಾಂಕೋಮ್ ಮತ್ತೆ ಕರೆಯಿತು. ಆಗ ಅವರಿಗೆ ಅರವತ್ತಮೂರು. ಸುಕ್ಕುಗಳ ಸಮೇತ ಹೋದರು. ನನಗೆ ಅದು ಬಹಳ ದೊಡ್ಡ ಗೆಲುವು ಅನಿಸುತ್ತದೆ.

ಹಾಗಂತ ಅಮ್ಮನಿಂದ ಅವರು ದೂರ ಓಡಿದವರಲ್ಲ. ಅಪ್ಪನ ನೂರನೇ ಹುಟ್ಟುಹಬ್ಬಕ್ಕೆಂದು ನಿರ್ದೇಶಕ ಗೈ ಮ್ಯಾಡಿನ್ ಜೊತೆ ಒಂದು ಕಿರುಚಿತ್ರ ಮಾಡಿದರು. ಅಪ್ಪನನ್ನು ತೋರಿಸಲು ಪರದೆ ತುಂಬ ಒಂದು ದೊಡ್ಡ ಹೊಟ್ಟೆ. ನಿರ್ದೇಶಕರಾದ ಫೆಲ್ಲಿನಿ, ಹಿಚ್‌ಕಾಕ್, ಚಾಪ್ಲಿನ್ ಎಲ್ಲರ ಪಾತ್ರದಲ್ಲೂ ಇಸಬೆಲ್ಲಾ ಅವರೇ. ಇನ್‌ಗ್ರಿಡ್ ಕೂಡ ಅವರೇ. ಆ ಹೋಲಿಕೆಯನ್ನು ಇಲ್ಲಿ ಬೇರೆಯವರು ಬಳಸುತ್ತಿಲ್ಲ. ಅಮ್ಮನ ಜೊತೆ ಮಾತಾಡಲು ಮಗಳೇ ಬಳಸಿಕೊಳ್ಳುತ್ತಿದ್ದಾರೆ.

ಇನ್ನು 'ಕಾನ್‌ಕ್ಲೇವ್'. ಪೋಪ್ ಆಯ್ಕೆಯ ಕಥೆಯಲ್ಲಿ ಅವರದು ಸಿಸ್ಟರ್ ಆಗ್ನೆಸ್ ಪಾತ್ರ. ಇಡೀ ಸಿನಿಮಾದಲ್ಲಿ ಹೆಚ್ಚು ಹೊತ್ತು ಕಾಣುವುದೂ ಇಲ್ಲ. ಪೋಪ್‌ನನ್ನು ಆರಿಸುವ ಹಿರಿಯ ಧರ್ಮಗುರುಗಳು, ಅಂದರೆ ಕಾರ್ಡಿನಲ್‌ಗಳೆಲ್ಲ ಸೇರಿದ ಕಡೆ ಬಂದು, ನಾವು ಸಿಸ್ಟರ್‌ಗಳು ಯಾರ ಕಣ್ಣಿಗೂ ಬೀಳಬಾರದು, ಆದರೂ ದೇವರು ನಮಗೆ ಕಣ್ಣು ಕಿವಿ ಕೊಟ್ಟಿದ್ದಾನೆ ಎನ್ನುತ್ತಾರೆ. ಹೇಳಬೇಕಾದ್ದನ್ನು ಹೇಳಿ ಮುಗಿಸಿ ಮೊಣಕಾಲು ಚೂರು ಬಾಗಿಸಿ ವಂದಿಸುತ್ತಾರೆ. ಆ ವಂದನೆಯಲ್ಲಿ ಮರ್ಯಾದೆಯೂ ಇದೆ, ಏಟೂ ಇದೆ. ಈ ಪಾತ್ರಕ್ಕೆ 2025ರಲ್ಲಿ, ಎಪ್ಪತ್ತೆರಡನೇ ವಯಸ್ಸಿಗೆ, ಮೊದಲ ಸಲ ಆಸ್ಕರ್ ನಾಮನಿರ್ದೇಶನ ಬಂತು. ಪ್ರಶಸ್ತಿ ಝೋಯಿ ಸಾಲ್ಡಾನಾಗೆ ಹೋಯಿತು.

ಸರಿಯಾಗಿ ಐವತ್ತು ವರ್ಷ ಹಿಂದೆ, 1975ರಲ್ಲಿ, ಇನ್‌ಗ್ರಿಡ್ ಮೂರನೇ ಆಸ್ಕರ್ ಗೆದ್ದದ್ದು ಇದೇ ಪೋಷಕ ನಟಿ ವಿಭಾಗದಲ್ಲಿ. ಸಿನಿಮಾ 'ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್'. ಪಾತ್ರ, ದೇವರ ಸೇವೆಗೆ ಬದುಕು ಕೊಟ್ಟ ಒಬ್ಬ ಮಿಷನರಿ ಹೆಂಗಸು. ಪತ್ತೇದಾರ ಪ್ರಶ್ನೆ ಕೇಳುವ ದೃಶ್ಯವನ್ನು ನಿರ್ದೇಶಕ ಸಿಡ್ನಿ ಲ್ಯುಮೆಟ್ ಎಲ್ಲೂ ಕತ್ತರಿಸದೆ, ಹೆಚ್ಚೂಕಡಿಮೆ ಐದು ನಿಮಿಷ, ಆಕೆಯ ಮೇಲೇ ಬಿಟ್ಟಿದ್ದಾರೆ. ಇನ್‌ಗ್ರಿಡ್ ಅಲ್ಲಿ ಎಲ್ಲವನ್ನೂ ಹೊರಗೆ ಹಾಕುತ್ತಾರೆ: ಗಾಬರಿ, ತೊದಲು, ಕಣ್ಣೀರು. ಮಗಳು ಎಲ್ಲವನ್ನೂ ಒಳಗೇ ಹಿಡಿದಿಡುತ್ತಾರೆ. ಅಮ್ಮನಿಂದ ನಟನೆಯನ್ನೂ ಎರವಲು ತಂದಿದ್ದಾರೆ ಎನ್ನುವವರು ಈ ಎರಡು ದೃಶ್ಯಗಳನ್ನು ಒಂದೇ ದಿನ ನೋಡಬೇಕು.

ಇಷ್ಟು ಹೇಳಿದ ಮೇಲೆ ಜನ ಕೇಳುವ ಎರಡನೇ ಪ್ರಶ್ನೆ, "ಹಾಗಾದ್ರೆ ಎಲ್ಲಿಂದ ಶುರು ಮಾಡ್ಲಿ?" 'ಗ್ರೀನ್ ಪೋರ್ನೋ'ದ ಸೂರ್ಯನ ಕುದುರೆಯಿಂದ ಶುರು ಮಾಡಿ. ಎರಡೇ ನಿಮಿಷ ಸಾಕು. ಮನಸ್ಸು ಗಟ್ಟಿ ಇರುವ ದಿನ 'ಬ್ಲೂ ವೆಲ್ವೆಟ್', ಮನೆಯಲ್ಲಿ ಮಕ್ಕಳು ಇಲ್ಲದಾಗ. 'ಎ ಮ್ಯಾಟರ್ ಆಫ್ ಟೈಮ್' ಬಿಟ್ಟರೂ ನಡೆಯುತ್ತದೆ.