1.25ರ ಪೀಕ್ ಮತ್ತು ಮೂರು ಸುಳ್ಳು ಅಣುಗಳು

ಪುಣೆಯ ಔಷಧ ಸಂಶೋಧನಾ ಪ್ರಯೋಗಾಲಯವೊಂದರಲ್ಲಿ ನಾನು ಸಂಶ್ಲೇಷಣಾ ರಸಾಯನಶಾಸ್ತ್ರದ ಕೆಲಸ ಮಾಡುತ್ತೇನೆ. ಪಕ್ಕದ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆ ಪೆನಿಸಿಲಿನ್ನನ್ನು ಶಿಲೀಂಧ್ರ ಬೆಳೆಸಿ ತೆಗೆಯುತ್ತಿತ್ತು. ನಾವು ಕಟ್ಟುವ ಅಣುಗಳು 2000ದಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಲಿನೆಝೋಲಿಡ್ ಎಂಬ ಆಂಟಿಬಯೋಟಿಕ್‌ನಂತೆ ಪೂರ್ತಿಯಾಗಿ ಫ್ಲಾಸ್ಕಿನಲ್ಲೇ ಹುಟ್ಟುವಂಥವು. ಆದ್ದರಿಂದ ಫ್ಲಾಸ್ಕಿನಲ್ಲಿ ಜೊತೆಗೆ ಉಳಿದುಕೊಂಡದ್ದೂ ನಮ್ಮದೇ ಹೊಣೆ. ಅದು ನನಗೆ ತಡವಾಗಿ ತಿಳಿಯಿತು.

ನಾವು ಕಟ್ಟಿದ ಒಂದು ಸರಣಿಯ ಹನ್ನೆರಡು ಅಣುಗಳಲ್ಲಿ ಮೂರು ಮಾತ್ರ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಸೋಂಕುಕಾರಕ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ಮಿಲಿಲೀಟರಿಗೆ 8 ಮೈಕ್ರೋಗ್ರಾಂ ಪ್ರಮಾಣದಲ್ಲಿ ತಡೆದವು. ಪೆನಿಸಿಲಿನ್ ಜಾತಿಯ ಮೆಥಿಸಿಲಿನ್‌ಗೆ ಮಣಿಯುವ ತಳಿಗೂ ಮಣಿಯದ ಎಂಆರ್‌ಎಸ್‌ಎ ತಳಿಗೂ ಅದೇ 8. ಎಂಆರ್‌ಎಸ್‌ಎ ಬ್ಯಾಕ್ಟೀರಿಯಾ ಪೆನಿಸಿಲಿನ್ ಜಾತಿಯ ಔಷಧಗಳು ಸರಿಯಾಗಿ ಅಂಟಿಕೊಳ್ಳಲಾಗದ ಪಿಬಿಪಿ2ಎ ಎಂಬ ಪ್ರೋಟೀನನ್ನು ಇಟ್ಟುಕೊಂಡು ಬದುಕುತ್ತದೆಯಾದ್ದರಿಂದ, ಎರಡೂ ತಳಿ ಒಂದೇ ಪ್ರಮಾಣಕ್ಕೆ ಸೋತದ್ದನ್ನು ಕಂಡು ನಮ್ಮ ಅಣು ಬೇರೆಯೇ ಗುರಿಗೆ ಹೊಡೆಯುತ್ತಿದೆ ಎಂದು ನಾವು ಹಿಗ್ಗಿದೆವು. ಮೂರೂ ಅಣುಗಳ ಪಾರ್ಶ್ವಗುಂಪುಗಳು ಒಂದಕ್ಕೊಂದು ಸಂಬಂಧವಿಲ್ಲದಂತಿದ್ದರೂ ಮೂರಕ್ಕೂ ಒಂದೇ ಅಂಕಿ ಬಂದದ್ದೇಕೆ ಎಂದು ಆಗಲೇ ಕೇಳಿಕೊಳ್ಳಬೇಕಿತ್ತು.

ಮೈಕ್ರೋಬಯಾಲಜಿ ವಿಭಾಗದ ಧಾರವಾಡದ ಅಕ್ಕಾವ್ರು ಕುರಿಯ ಕೆಂಪು ರಕ್ತಕಣಗಳ ಮೇಲೆ ಪರೀಕ್ಷೆ ನಡೆಸಿದಾಗ 64 ಮೈಕ್ರೋಗ್ರಾಂನಲ್ಲಿ ಕಣಗಳೆಲ್ಲ ಒಡೆದವು. ಅವರು ನನ್ನ ಮೇಜಿನ ಬಳಿ ಬಂದು, "ನಿಮ್ಮ ಬಾಟ್ಲಿಯೊಳಗ ಸಾಬೂನು ಏನರ ಐತೇನ್ರೀ? ಪಿಪೆಟ್ ಮಾಡೂವಾಗ ನೊರಿ ಬರ್ತೈತಿ" ಎಂದರು. ನಾನು ನಕ್ಕು, ಮಿಶ್ರಣವನ್ನು ಬಿಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಶುದ್ಧತೆ ಶೇಕಡಾ 98 ಇದೆ ಎಂದು ಹಾಳೆ ತೋರಿಸಿದೆ.

ಆದರೂ ಅನುಮಾನ ಬಿಡಲಿಲ್ಲ. ನೋಟ್‌ಬುಕ್ ತಿರುವಿದಾಗ, ಎರಡು ದ್ರಾವಣಗಳ ನಡುವೆ ಅಯಾನುಗಳನ್ನು ದಾಟಿಸಲು ನಾವು ಬಳಸುವ ಟಿಬಿಎಬಿ ಎಂಬ ಲವಣ ಮುಗಿದಿದ್ದ ವಾರದಲ್ಲಿ ಆ ಮೂರನ್ನು ಮಾತ್ರ ಅದರ ಬದಲು ಸಿಟಿಎಬಿ ಹಾಕಿ ಮಾಡಿದ್ದೆನೆಂಬುದು ಕಂಡಿತು. ಸಿಟಿಎಬಿ ಹದಿನಾರು ಇಂಗಾಲದ ಬಾಲವುಳ್ಳ ಧನಾತ್ಮಕ ಮಾರ್ಜಕ. ಜೀವಕೋಶದ ಪೊರೆಯನ್ನೇ ಹರಿದುಹಾಕುವುದರಿಂದ ಅದಕ್ಕೆ ಎಂಆರ್‌ಎಸ್‌ಎ ಎಂಬ ಭೇದವೂ ಇಲ್ಲ, ರಕ್ತಕಣವೆಂಬ ಕರುಣೆಯೂ ಇಲ್ಲ. ಡೈಈಥೈಲ್ ಈಥರಿನಲ್ಲಿ ಅದು ಕರಗದು. ನಾನಾದರೋ ಕಾಲಮ್ ಹಾಯಿಸಿ ಶುದ್ಧಗೊಳಿಸುವ ಬೇಸರಕ್ಕೆ ಘನವನ್ನು ಈಥರಿನಲ್ಲಿ ತೊಳೆದು ಸೋಸಿದ್ದೆ. ಸಿಟಿಎಬಿ ಯುವಿ ಬೆಳಕನ್ನು ಹೀರದ ಕಾರಣ 254 ನ್ಯಾನೋಮೀಟರಿನ ಎಚ್‌ಪಿಎಲ್‌ಸಿಗೆ ಕಾಣುವುದಿಲ್ಲ. ಅಣುವಿನ ಹೈಡ್ರೋಜನ್‌ಗಳನ್ನು ತೋರಿಸುವ ಎನ್‌ಎಂಆರ್‌ನಲ್ಲಿ ಮಾತ್ರ 1.25 ಪಿಪಿಎಂ ಬಳಿ ದಪ್ಪ ಪೀಕ್ ಎದ್ದು ನಿಂತಿತ್ತು. ಗ್ರೀಸ್ ಎಂದುಕೊಂಡು ನಾನು ಅದನ್ನು ಇಂಟಿಗ್ರೇಟ್ ಮಾಡಿ ಪ್ರಮಾಣ ಕೂಡ ನೋಡಿರಲಿಲ್ಲ. ಅಣುಗಳ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್ಮಿನಲ್ಲಿ ಸಿಟಿಎಬಿಯ ಧನ ಅಯಾನಿನ 284.3 ಸಹ ಇತ್ತು, ಹುಡುಕಿದವರಿಲ್ಲ.

ಸಿಟಿಎಬಿ ಇಲ್ಲದೆ, ಡಿಎಂಎಫ್ ದ್ರಾವಕದಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಬಳಸಿ ಮೂರನ್ನೂ ಮತ್ತೆ ಮಾಡಿ ಕಾಲಮ್ ಹಾಯಿಸಿದೆ. 64ರಲ್ಲಿಯೂ ಬ್ಯಾಕ್ಟೀರಿಯಾ ಆರಾಮವಾಗಿ ಬೆಳೆದವು. ಅಕ್ಕಾವ್ರು ಬರೀ ಸಿಟಿಎಬಿಯನ್ನು ಪ್ಲೇಟಿಗೆ ಹಾಕಿ ನೋಡಿದರು: ಎರಡೂ ತಳಿಯನ್ನು ತಡೆಯಲು 1 ಮೈಕ್ರೋಗ್ರಾಂ ಸಾಕಾಯಿತು.

ಈಗ ನಾವು ಕೊಡುವ ಪ್ರತಿ ಮಾದರಿಯ ಚೀಟಿಯಲ್ಲಿ ಕೊನೆಯ ಹಂತಕ್ಕೆ ಬಳಸಿದ ಎಲ್ಲ ರಾಸಾಯನಿಕಗಳ ಹೆಸರಿರುತ್ತದೆ, ಮತ್ತು ಶುದ್ಧತೆಯನ್ನು ತೂಕ ಗೊತ್ತಿರುವ ಇನ್ನೊಂದು ವಸ್ತುವನ್ನು ಬೆರೆಸಿ ಎನ್‌ಎಂಆರ್‌ನಲ್ಲಿಯೂ ಅಳೆಯುತ್ತೇವೆ. ಚೀಟಿ ಖಾಲಿಯಿದ್ದರೆ ಅಕ್ಕಾವ್ರು ಬಾಟ್ಲಿಯನ್ನು ಹಿಂದಕ್ಕೆ ಕಳಿಸುತ್ತಾರೆ.